ಯಾವ ಮುನಿಕೆಂಪಮ್ಮ?

ದಿನಕ್ಕೆ ಎಂಬತ್ತು ಜನರಿಗೆ ಫೋನು ಮಾಡುವವರ ಗಂಟಲು ಏನಾಗುತ್ತದೆ ಎಂದು ತಿಳಿಯಬೇಕಾದರೆ ಮಧ್ಯಾಹ್ನ ಮೂರು ಗಂಟೆಯ ಮೇಲೆ ಜ್ಯೋತಿಲಕ್ಷ್ಮಿಯವರನ್ನು ಮಾತಾಡಿಸಬೇಕು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿದ್ದ ದನಿ ಅಷ್ಟು ಹೊತ್ತಿಗೆ ಒಡೆದು, ಅರ್ಧ ಮಾತು ಗಾಳಿಯಾಗಿ ಹೋಗಿರುತ್ತದೆ. ಮೇಜಿನ ಮೇಲೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಲವಂಗ, ಕಲ್ಲುಸಕ್ಕರೆ ಬೆರೆಸಿಟ್ಟಿರುತ್ತಾರೆ. ಒಂದು ಕರೆ ಮುಗಿದು ಇನ್ನೊಂದು ಹತ್ತುವಷ್ಟರಲ್ಲಿ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ನಾನು ಕಂಡ ಹಾಗೆ ನಾಲ್ಕು ವರ್ಷದಿಂದ ಅದೇ ಡಬ್ಬಿ, ಅದೇ ಕಾಲು ಅಲ್ಲಾಡುವ ಕುರ್ಚಿ.

ಅಮೃತಹಳ್ಳಿಯ ಮುಖ್ಯರಸ್ತೆಯಲ್ಲಿ ಒಂದು ಬೇಕರಿ ಇದೆ. ಅದರ ಮೇಲಿನ ಮಹಡಿಯಲ್ಲಿ ಬಡವರ ಕಣ್ಣಿನ ಆಪರೇಷನ್ ಮಾಡಿಸುವ ಒಂದು ಸಣ್ಣ ಟ್ರಸ್ಟಿನ ಆಫೀಸು. ರಾಜಾನುಕುಂಟೆ ಕಡೆಯ ಹಳ್ಳಿಗಳಲ್ಲಿ ಕಣ್ಣು ತಪಾಸಣೆಯ ಶಿಬಿರ ಮಾಡುತ್ತಾರೆ. ಪೊರೆ ಬಂದವರ ಹೆಸರು ಬರೆದುಕೊಳ್ಳುತ್ತಾರೆ. ಎರಡು ತಿಂಗಳಿಗೊಂದು ಸುತ್ತು ಎಲ್ಲರಿಗೂ ಫೋನು ಮಾಡಿ, ಸಕ್ಕರೆ, ಬಿಪಿ ವಿಚಾರಿಸಿ, ಇಂಥ ದಿನ ವ್ಯಾನು ಬರುತ್ತದೆ, ತಯಾರಾಗಿರಿ ಎಂದು ಹೇಳಬೇಕು. ಆ ಹೇಳುವ ಕೆಲಸ ಜ್ಯೋತಿಲಕ್ಷ್ಮಿಯವರದು. ಎದುರಿಗೆ ಕೂರುವ ನೂರೀನ್ ಎಂಬ ಹುಡುಗಿಯೂ ಅದೇ ಕೆಲಸ ಮಾಡುತ್ತಾಳೆ. ಕೇಳುವುದಕ್ಕೆ ಸುಲಭ. ಆ ಕಡೆ ಫೋನು ಎತ್ತುವವರು ಎಪ್ಪತ್ತು ವರ್ಷದವರು, ಅರ್ಧ ಜನಕ್ಕೆ ಕಿವಿ ಮಂದ, ಇನ್ನರ್ಧ ಜನ ಬ್ಯಾಂಕಿನ ಹೆಸರಲ್ಲಿ ಮೋಸ ಮಾಡುವವರು ಎಂದು ತಿಳಿದು ಬೈದು ಇಡುತ್ತಾರೆ. ಬೈಸಿಕೊಂಡು ಮತ್ತೆ ಮಾಡಬೇಕು.

ಜ್ಯೋತಿಲಕ್ಷ್ಮಿಯವರಿಗೆ ಈಗ ನಲವತ್ತೇಳು. ಅಮೃತಹಳ್ಳಿಯಲ್ಲೇ ಹುಟ್ಟಿದವರು. ತಂದೆ ಆಂಜಿನಪ್ಪ ಕನಕಾಂಬರ ಬೆಳೆಯುತ್ತಿದ್ದ ತೋಟದ ಮೇಲೆ ಈಗ ಆರು ಮಹಡಿ ಎದ್ದಿದೆ. ಅದರಲ್ಲಿ ಇವರದೇನೂ ಇಲ್ಲ. ಹದಿನಾಲ್ಕು ವರ್ಷ ಯಶವಂತಪುರದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಶರ್ಟಿನ ಹೊಲಿಗೆ ನೋಡಿದರು. ನಿಂತು ನಿಂತು ಕಾಲಿನ ನರ ಗಂಟು ಕಟ್ಟಿತು. ಕೂತು ಮಾಡುವ ಕೆಲಸ ಸಿಕ್ಕಿದರೆ ಸಾಕು ಎಂದು ಇಲ್ಲಿಗೆ ಬಂದರು. ಗಂಡ ಉಮೇಶ್ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಾರೆ. ಮಗಳು ಮಧುಶ್ರೀ ಪಿಯುಸಿ. ಬೆಳಿಗ್ಗೆ ಐದಕ್ಕೆ ಏಳುತ್ತಾರೆ, ಏಕೆಂದರೆ ಅವರ ಬೀದಿಗೆ ನೀರು ಬರುವುದು ಆಗ. ಇಷ್ಟನ್ನೂ ಅವರು ದೂರಿನ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಕೇಳಿದರೆ ಹೇಳುತ್ತಾರೆ, ಇಲ್ಲವಾದರೆ ಇಲ್ಲ.

ಇನ್ನು ನಾನು. ನನ್ನ ಹೆಸರು ವಿಜಯ್ ಕುಮಾರ್. ತಣಿಸಂದ್ರದವನು. ದೊಡ್ಡ ಕಂಪನಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ, ಅವರಿಗೆ ಸಾಕಾಗಿ ನನ್ನನ್ನು ಬಿಟ್ಟ ಮೇಲೆ, ಸಣ್ಣ ಸಣ್ಣ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೇನೆ. ಈ ಟ್ರಸ್ಟಿನ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವನು ನಾನೇ. ಇದು ಜ್ಯೋತಿಲಕ್ಷ್ಮಿಯವರ ಕಥೆ. ಆದರೆ ಇದರಲ್ಲಿ ನಡೆದ ಕೇಡು ನನ್ನದು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಬರುವ ಮೊದಲು ಎಲ್ಲವೂ ಅವರ ಉದ್ದನೆಯ ರೂಲು ನೋಟ್‌ಬುಕ್ಕಿನಲ್ಲಿತ್ತು. ಹೆಸರು, ವಯಸ್ಸು, ಊರು, ಫೋನು. ಕೊನೆಯಲ್ಲಿ ಇನ್ನೊಂದು ಕಾಲಂ: ಗುರುತು. ಅದರಲ್ಲಿ "ಹುಣಸೇಮರದ ಮನೆ", "ಬಾವಿ ಮನೆ", "ಕುಂಟೆ ಮೇಲಿನವರು", "ಡ್ರೈವರ್ ಅತ್ತೆ" ಎಂದೆಲ್ಲ ಬರೆದಿದ್ದರು. ನಾನು ಕಂಪ್ಯೂಟರಿನಲ್ಲಿ ಫಾರಂ ಮಾಡುವಾಗ ಆ ಕಾಲಂ ತೆಗೆದುಹಾಕಿದೆ. ಅವರು ಬೇಕಿತ್ತಲ್ಲ ಎಂದರು. ನಾನು ಸಣ್ಣಗೆ ನಕ್ಕು, ಪ್ರತಿಯೊಬ್ಬರಿಗೂ ಒಂದು ನೋಂದಣಿ ಸಂಖ್ಯೆ ಕೊಟ್ಟಿದ್ದೇನೆ, ಯಂತ್ರ ಅದರಿಂದಲೇ ಗುರುತು ಹಿಡಿಯುತ್ತದೆ, ಹುಣಸೇಮರ ಯಂತ್ರಕ್ಕೆ ಏನು ಗೊತ್ತು ಮೇಡಂ ಎಂದೆ. ಅವರು ನೋಟ್‌ಬುಕ್ಕು ಮುಚ್ಚಿಟ್ಟರು. ಆ ನಗುವನ್ನು ನೆನೆಸಿಕೊಂಡರೆ ಈಗ ನನಗೆ ಮೈ ಉರಿಯುತ್ತದೆ.

ಗುರುತು ಏಕೆ ಬೇಕು ಎಂದು ನನಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಹೆಬ್ಬಾಳ ದಾಟಿ ದೊಡ್ಡಬಳ್ಳಾಪುರದ ರಸ್ತೆಯ ಉದ್ದಕ್ಕೂ, ಹಳೆಯ ಊರುಗಳಲ್ಲಿ, ಮುನೇಶ್ವರನ ಹೆಸರಿಡದ ಮನೆಯೇ ಇಲ್ಲ. ನಮ್ಮ ಮನೆಯಲ್ಲೇ ಅಜ್ಜಿ ಮುನಿಯಮ್ಮ, ದೊಡ್ಡಪ್ಪ ಮುನಿಶಾಮಪ್ಪ, ಸೋದರತ್ತೆ ಮುನಿಕೃಷ್ಣಮ್ಮ. ನನಗೂ ಮುನಿರಾಜು ಎಂದೇ ಇಟ್ಟಿದ್ದರು. ಶಾಲೆಗೆ ಸೇರಿಸುವಾಗ ಅಮ್ಮ ಹಟ ಹಿಡಿದು ವಿಜಯ್ ಕುಮಾರ್ ಎಂದು ಬರೆಸಿದಳು. ತಣಿಸಂದ್ರದಲ್ಲಿ ಆಗ ಯಾರಾದರೂ ಬಂದು ಮುನಿಯಮ್ಮನ ಮನೆ ಎಲ್ಲಿ ಎಂದರೆ, ಯಾವ ಮುನಿಯಮ್ಮ ಎಂದು ಕೇಳದೆ ಯಾರೂ ಕೈ ತೋರಿಸುತ್ತಿರಲಿಲ್ಲ. ನಮ್ಮದು ಗಿರಣಿ ಮನೆ. ರಾಗಿ ಬೀಸುವ ಗಿರಣಿ ಹೋಗಿ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದು ಹದಿನೈದು ವರ್ಷವಾದರೂ, ಹಳಬರ ಬಾಯಲ್ಲಿ ನಾವು ಇವತ್ತಿಗೂ ಗಿರಣಿ ಮನೆಯವರೇ. ಇಷ್ಟೆಲ್ಲ ತಿಳಿದವನು ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಮರೆತೆ.

ಪಟ್ಟಿ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಜ್ಯೋತಿಲಕ್ಷ್ಮಿಯವರು ನೋಡುವ ಪರದೆಯ ಹಿಂದೆ ಎಪಿಐ ಎಂಬುದೊಂದು ಇರುತ್ತದೆ. ಕಿಟಕಿಯ ಆಚೆ ಕೂತ ಗುಮಾಸ್ತ ಎಂದುಕೊಳ್ಳಿ. ಪರದೆ ಅವನನ್ನು ಕೇಳುತ್ತದೆ: ಆಪರೇಷನ್ ಬಾಕಿ ಇರುವವರನ್ನು ಮಾತ್ರ ಕೊಡು, ಹೆಸರಿನ ಅಕ್ಷರದ ಪ್ರಕಾರ ಜೋಡಿಸು, ಇಪ್ಪತ್ತಿಪ್ಪತ್ತು ಹೆಸರಿಗೆ ಒಂದು ಪುಟ ಮಾಡು, ಈಗ ಹದಿಮೂರನೇ ಪುಟ ಕೊಡು. ಅವನು ಅಷ್ಟನ್ನು ಎಣಿಸಿ ಕೊಡುತ್ತಾನೆ. ಹದಿನಾಲ್ಕನೆಯದು ಬೇಕೆಂದರೆ ಮತ್ತೆ ಮೊದಲಿನಿಂದ ಎಲ್ಲವನ್ನೂ ಜೋಡಿಸಿ, ಇನ್ನೂರ ಅರವತ್ತು ಹೆಸರು ಬಿಟ್ಟು, ಮುಂದಿನ ಇಪ್ಪತ್ತು ಕೊಡುತ್ತಾನೆ. ಹಿಂದೆ ಏನು ಕೊಟ್ಟಿದ್ದೆ ಎಂಬ ನೆನಪು ಅವನಿಗಿಲ್ಲ. ಅವನಿಗೆ ಏನು ಹೇಳಬೇಕೋ ಅದನ್ನೆಲ್ಲ ಬರೆದಿಟ್ಟವನು ನಾನು.

ಇದರ ಜೊತೆಗೆ ಇನ್ನೊಂದು ಜರಡಿ ಇಟ್ಟಿದ್ದೆ. ಟ್ರಸ್ಟಿನ ಕಾರ್ಯದರ್ಶಿ ಆನಂದಪ್ಪನವರು ಫೋನು ಎತ್ತದವರಿಗೆ ಎಷ್ಟು ಸಲ ಮಾಡುವುದು ಎಂದು ಬೇಸರಪಟ್ಟಿದ್ದರು. ಮಾತಾಡಿದವರ ಹೆಸರಿನ ಮುಂದೆ ಟಿಕ್ ಬೀಳುತ್ತದೆ. ಮೂರು ಸುತ್ತಿನಲ್ಲೂ ಟಿಕ್ ಬೀಳದವರು "ಉತ್ತರವಿಲ್ಲ" ಎಂಬ ಗುಂಪಿಗೆ ಹೋಗಿ, ಪಟ್ಟಿಯಿಂದ ಮರೆಯಾಗುವಂತೆ ಮಾಡಿದೆ. ಆನಂದಪ್ಪನವರಿಗೆ ಖುಷಿಯಾಯಿತು.

ಮೇ ತಿಂಗಳ ಸುತ್ತಿನಲ್ಲಿ ಜ್ಯೋತಿಲಕ್ಷ್ಮಿಯವರು ನನಗೆ ಫೋನು ಮಾಡಿದರು. ಕೆಲವರಿಗೆ ಎರಡೆರಡು ಸಲ ಕರೆ ಹೋಗುತ್ತಿದೆ, ಆಗಲೇ ಒಬ್ಬರು ಮಾಡಿದ್ದರಲ್ಲ ಎಂದು ಬೈಯುತ್ತಿದ್ದಾರೆ ಎಂದರು. ಅವರು ಬೆಸ ಸಂಖ್ಯೆಯ ಪುಟಗಳನ್ನು, ನೂರೀನ್ ಸಮ ಸಂಖ್ಯೆಯ ಪುಟಗಳನ್ನು ಹಂಚಿಕೊಂಡು ಮಾಡುತ್ತಾರೆ. ನೂರೀನ್ ತಪ್ಪಿ ನಿಮ್ಮ ಪುಟ ತೆಗೆದಿರಬೇಕು ಎಂದೆ. ನಾನಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿದ್ದೆ. ಬೇರೆ ಗಿರಾಕಿಯೊಬ್ಬರು ಕಾಯುತ್ತಿದ್ದರು. ಫೋನು ಇಟ್ಟೆ.

ಜುಲೈ ಸುತ್ತಿನಲ್ಲಿ ಮತ್ತೆ ಮಾಡಿದರು. ಈ ಸಲ ಅವರ ಹತ್ತಿರ ಲೆಕ್ಕವಿತ್ತು. ಗಾರ್ಮೆಂಟ್ಸ್‌ನಲ್ಲಿ ಒಂದೊಂದು ಪೀಸೂ ಕೈಯಿಂದ ಮುಟ್ಟಿ ಎಣಿಸಿದವರು, ಪರದೆಯ ಮೇಲಿನ ಮೊತ್ತ ನಂಬುವ ಜಾಯಮಾನದವರಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ತಾವೂ ಬರೆದು, ನೂರೀನ್ ಕೈಲೂ ಬರೆಸಿ, ಎಲ್ಲ ಸುತ್ತಿನಲ್ಲೂ ಕರೆ ಮಾಡಿದ ಪ್ರತಿ ನಂಬರೂ ಇಟ್ಟಿದ್ದರು. ನಾನು ಕಂಪ್ಯೂಟರ್ ತೆರೆದು ನೋಡಿದೆ. ಪಟ್ಟಿಯಲ್ಲಿ ನಾನೂರ ಅರವತ್ತಮೂರು ಜನ. ನೀವಿಬ್ಬರೂ ಸೇರಿ ಎಷ್ಟು ಕರೆ ಮಾಡಿದಿರಿ ಎಂದು ಕೇಳಿದೆ. ನಾನೂರ ಅರವತ್ತಮೂರು ಎಂದರು. ಮತ್ತೇನು ತೊಂದರೆ, ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂದೆ.

"ಲೆಕ್ಕ ಸರಿ ಇದೆ ಸಾರ್. ಜನ ಸರಿ ಇಲ್ಲ" ಎಂದರು.

ಆ ಮಾತನ್ನು ನಾನು ಗೆಳೆಯರ ಮುಂದೆ ತಮಾಷೆಗೆ ಹೇಳಿ ನಗಿಸಿದೆ. ಯಾರೋ ಒಬ್ಬರು ಎರಡು ಸಲ ಬಂದರೆ, ಮೊತ್ತ ಅಷ್ಟೇ ಇರಬೇಕಾದರೆ, ಇನ್ನೊಬ್ಬರು ಬಂದೇ ಇಲ್ಲ ಎಂದರ್ಥ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಓದಿದ ನನಗೆ ತಿಳಿಯಲಿಲ್ಲ.

ಆಗಸ್ಟಿನ ಒಂದು ಮಂಗಳವಾರ ಮುನಿಕೆಂಪಮ್ಮ ತಾವೇ ಹುಡುಕಿಕೊಂಡು ಬಂದರು. ಅರವತ್ತೆಂಟು ವರ್ಷ, ರಾಜಾನುಕುಂಟೆಯವರು. ಪಕ್ಕದ ಮನೆಯ ಗಂಗರತ್ನಮ್ಮನ ಕೈ ಹಿಡಿದು, ಯಲಹಂಕದಲ್ಲಿ ಬಸ್ಸು ಬದಲಾಯಿಸಿ, ಬೇಕರಿಯ ಪಕ್ಕದ ಕಿರಿದಾದ ಮೆಟ್ಟಿಲನ್ನು ಒಂದೊಂದಾಗಿ ತಡವಿಕೊಂಡು ಹತ್ತಿದರು. ಬಲಗಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಸೆರಗಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿದಿದ್ದರು. ನಾನು ಅಲ್ಲಿರಲಿಲ್ಲ. ಆಮೇಲೆ ಜ್ಯೋತಿಲಕ್ಷ್ಮಿಯವರು ಹೇಳಿದ್ದು ಇದು.

ಸಂಕ್ರಾಂತಿ ಆದ ಮೇಲೆ ಶಿಬಿರದಲ್ಲಿ ಹೆಸರು ಬರೆಸಿದ್ದೆ, ಎರಡು ಕಣ್ಣಿಗೂ ಪೊರೆ, ಬಲಗಣ್ಣಿನದು ಬೇಗ ಆಗಬೇಕು ಅಂದಿದ್ದರು, ಫೋನು ಮಾಡುತ್ತೇವೆ ಅಂದಿದ್ದರು ಎಂದು ಮುನಿಕೆಂಪಮ್ಮ ಚೀಟಿ ತೋರಿಸಿದರು. ಆನಂದಪ್ಪನವರು ಕಂಪ್ಯೂಟರಿನಲ್ಲಿ ಹುಡುಕಿಸಿದರು. ಮುಖ್ಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. "ಉತ್ತರವಿಲ್ಲ" ಗುಂಪಿನಲ್ಲಿತ್ತು. ಮಾರ್ಚಿ, ಮೇ, ಜುಲೈ, ಮೂರು ಸುತ್ತೂ ಟಿಕ್ ಇಲ್ಲ. ಆನಂದಪ್ಪನವರು ಕೆಟ್ಟವರಲ್ಲ. ಆದರೂ ಸ್ವಲ್ಪ ಗಟ್ಟಿಯಾಗಿಯೇ, ಮೂರು ಸಲ ಮಾಡಿದ್ದೇವಮ್ಮ, ನೀವು ಎತ್ತಲಿಲ್ಲ, ನಾವೇನು ಮಾಡೋಣ ಎಂದರು.

ಮುನಿಕೆಂಪಮ್ಮ ಜಗಳ ಮಾಡಲಿಲ್ಲ.

"ಫೋನು ಮಡಿಲಾಗೇ ಮಡಿಕ್ಕಂಡಿದ್ದೆ ಕಣಪ್ಪ. ಬಚ್ಚಲಿಗೆ ಓದಾಗ ಬಂದಿತ್ತೋ ಏನೋ. ನಂದೇ ತಪ್ಪು" ಎಂದರು.

ಜ್ಯೋತಿಲಕ್ಷ್ಮಿಯವರು ನೋಟ್‌ಬುಕ್ಕು ತೆಗೆದರು. ಮೂರು ಸುತ್ತಿನ ಹಾಳೆಗಳನ್ನೂ ತಿರುವಿದರು. ಆ ನಂಬರು ಎಲ್ಲೂ ಇಲ್ಲ. ಎತ್ತದವರ ನಂಬರಿನ ಮುಂದೆ ಅವರು ಸಣ್ಣ ಸೊನ್ನೆ ಹಾಕುತ್ತಾರೆ. ಆ ಸೊನ್ನೆಯೂ ಇಲ್ಲ. ಯಾರೂ ಯಾವತ್ತೂ ಆ ನಂಬರಿಗೆ ಫೋನು ಮಾಡಿಯೇ ಇರಲಿಲ್ಲ. ಅದನ್ನು ಆನಂದಪ್ಪನವರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: ಹಾಗಾದರೆ ಮೂರು ಸಲವೂ ಇವರನ್ನು ಬಿಟ್ಟವರು ಯಾರು, ನೀವೋ ನೂರೀನೋ? ಜ್ಯೋತಿಲಕ್ಷ್ಮಿಯವರು ಐದು ವರ್ಷದಲ್ಲಿ ಒಂದು ದಿನವೂ ಕೆಲಸದ ಬಗ್ಗೆ ಮಾತು ಕೇಳಿಸಿಕೊಂಡವರಲ್ಲ. ಮುನಿಕೆಂಪಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ತಾವೇ ಕಣ್ಣಿನ ಆಸ್ಪತ್ರೆಗೆ ಹೋದರು.

ಡಾಕ್ಟರು ತುಂಬಾ ಹೊತ್ತು ನೋಡಿದರು. ಬಲಗಣ್ಣಿನ ಪೊರೆ ಮಾಗಿ ಸೋರಿ, ಒಳಗೆ ಒತ್ತಡ ಏರಿ, ನರ ಹೋಗಿಬಿಟ್ಟಿದೆ. ನೋವು ಕಡಿಮೆ ಮಾಡಬಹುದು, ನೋಟ ಮತ್ತೆ ಬರುವುದಿಲ್ಲ. ಎಡಗಣ್ಣು ಉಳಿಸಬಹುದು. ಎರಡು ತಿಂಗಳ ಹಿಂದೆ ಬಂದಿದ್ದರೂ ಎರಡೂ ಉಳಿಯುತ್ತಿದ್ದವು ಎಂದರು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಜ್ಯೋತಿಲಕ್ಷ್ಮಿಯವರ ಫೋನು ಬಂತು. ಗಂಟಲು ಆಗಲೇ ಒಡೆದಿತ್ತು. ನೀವು ಇಲ್ಲಿಗೆ ಬರಬೇಕು, ಫೋನಿನಲ್ಲಿ ಬೇಡ ಎಂದರು. ಏನು ವಿಷಯ ಎಂದೆ. ಹೇಳಿದರು. ನಾನು ಹೋದೆ. ದಾರಿಯುದ್ದಕ್ಕೂ ನನ್ನ ಮನಸ್ಸು ಒಂದೇ ಕೆಲಸ ಮಾಡುತ್ತಿತ್ತು, ಇದು ನನ್ನ ತಪ್ಪಲ್ಲ ಎಂದು ತೋರಿಸುವುದು ಹೇಗೆ ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಅವರು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿದ್ದರು. ನೋಟ್‌ಬುಕ್ಕು ತೆರೆದಿತ್ತು. ಮೊದಲು "ಉತ್ತರವಿಲ್ಲ" ಎಂಬ ಜರಡಿ ತೆಗೆಯಿರಿ, ಎಲ್ಲರೂ ಕಾಣಬೇಕು ಎಂದರು. ತೆಗೆದೆ. ಈಗ ಹದಿಮೂರನೇ ಪುಟ ತೆಗೆಯಿರಿ ಎಂದರು. ತೆಗೆದೆ. ಮುನಿಕೃಷ್ಣಮ್ಮ ಎಂಬುವವರು ಮುಗಿದು, ಪುಟದ ಕೊನೆಗೆ ಐದು ಜನ ಮುನಿಕೆಂಪಮ್ಮ. ಅವರ ಫೋನಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡರು. ಆ ಐವರಲ್ಲಿ ಒಬ್ಬರಿಗೆ ಅಲ್ಲೇ ಫೋನು ಮಾಡಿ, ಆರೋಗ್ಯ ವಿಚಾರಿಸಿ, ಟಿಕ್ ಹಾಕಿದರು. ಈಗ ಹದಿನಾಲ್ಕು ಎಂದರು. ಪುಟದ ತಲೆಗೆ ಇನ್ನೂ ನಾಲ್ಕು ಜನ ಮುನಿಕೆಂಪಮ್ಮ. ಅದರಲ್ಲಿ ಒಬ್ಬರು, ಈಗ ತಾನೇ ಮಾತಾಡಿದವರೇ. ಹದಿಮೂರರಲ್ಲಿದ್ದವರು ಹದಿನಾಲ್ಕಕ್ಕೆ ಬಂದು ಕೂತಿದ್ದರು.

ಪರದೆ ಹಳೆಯದನ್ನು ತೋರಿಸುತ್ತಿರಬಹುದು ಎಂದೆ. ಅವರು ನನ್ನ ಮುಖ ನೋಡದೆ, ಹದಿಮೂರಕ್ಕೆ ಹಿಂದಕ್ಕೆ ಹೋಗಿ ಎಂದರು. ಹೋದೆ. ಈಗ ಅಲ್ಲಿ ಕೊನೆಯಲ್ಲಿ ಮೊದಲಿಲ್ಲದ ಇನ್ನೊಬ್ಬ ಮುನಿಕೆಂಪಮ್ಮ ಇದ್ದರು. ಹದಿಮೂರು ಮುಗಿಸಿ ಮುಂದೆ ಹೋದವರ ಬೆನ್ನ ಹಿಂದೆ ಅವರು ಬಂದು ಸೇರಿಕೊಂಡಿದ್ದರು. ಮುಗಿದ ಪುಟಕ್ಕೆ ಯಾರೂ ಮತ್ತೆ ಬರುವುದಿಲ್ಲ. ಆ ಹೆಸರಿನ ವಯಸ್ಸು ಅರವತ್ತೆಂಟು, ಊರು ರಾಜಾನುಕುಂಟೆ.

"ಎದ್ದು ಓಡಾಡ್ತಾರೆ ಸಾರ್ ಇವರು" ಎಂದರು ಜ್ಯೋತಿಲಕ್ಷ್ಮಿ. ನಗಲಿಲ್ಲ.

ನನಗೆ ಆಗ ಅರ್ಥವಾಯಿತು. ಹೆಸರಿನ ಪ್ರಕಾರ ಜೋಡಿಸು ಎಂದು ನಾನು ಗುಮಾಸ್ತನಿಗೆ ಹೇಳಿದ್ದೆ. ಒಂಬತ್ತು ಜನರ ಹೆಸರೂ ಒಂದೇ ಆದರೆ ಅವರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹೇಳಿರಲಿಲ್ಲ. ಹೇಳದಿದ್ದರೆ ಅವನು ಪ್ರತಿ ಸಲ ಕೈಗೆ ಸಿಕ್ಕ ಹಾಗೆ ಜೋಡಿಸುತ್ತಾನೆ. ಟಿಕ್ ಬಿದ್ದವರ ಕಾಗದ ಕಟ್ಟಿನ ಕೆಳಗೆ ಹೋಗುತ್ತದೆ, ಕೆಳಗಿದ್ದವರು ಮೇಲೆ ಬರುತ್ತಾರೆ. ಒಂಬತ್ತೂ ಜನ ಒಂದೇ ಪುಟದಲ್ಲಿದ್ದರೆ ತೊಂದರೆಯಿಲ್ಲ. ಪುಟದ ಗಡಿ ಅವರ ನಡುವೆ ಬಿದ್ದರೆ ಒಬ್ಬರು ಎರಡು ಕಡೆ ಕಾಣುತ್ತಾರೆ, ಒಬ್ಬರು ಎಲ್ಲೂ ಕಾಣುವುದಿಲ್ಲ. ಬೇರೆ ಊರಿನ ಪಟ್ಟಿಯಲ್ಲಿ ಇದು ವರ್ಷಕ್ಕೊಮ್ಮೆ ಆಗುತ್ತಿತ್ತೋ ಏನೋ. ಮೂವತ್ತೊಂದು ಮುನಿಯಮ್ಮ, ಹದಿನೇಳು ಮುನಿಕೃಷ್ಣಮ್ಮ, ಒಂಬತ್ತು ಮುನಿಕೆಂಪಮ್ಮ ಇರುವ ನಮ್ಮ ಊರುಗಳ ಪಟ್ಟಿಯಲ್ಲಿ ಇದು ಪ್ರತಿ ಸುತ್ತೂ ಆಗಲೇಬೇಕಿತ್ತು.

"ಒಂದೇ ಹೆಸರಿನೋರು ಬಂದ್ರೆ ಯಾವ ಮುನಿಕೆಂಪಮ್ಮ ಅಂತ ಕೇಳ್ಬೇಕಲ್ವಾ? ನಿಮ್ಮ ಕಂಪ್ಯೂಟರು ಅದನ್ನ ಕೇಳ್ತಾನೇ ಇಲ್ಲ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಹೆಸರಿನ ಪ್ರಕಾರ ಜೋಡಿಸು ಎಂದಿದ್ದ ಕಡೆ, ಹೆಸರು ಒಂದೇ ಆದರೆ ನೋಂದಣಿ ಸಂಖ್ಯೆಯ ಪ್ರಕಾರ ಎಂದು ಸೇರಿಸಿದೆ. ನಾಲ್ಕು ವರ್ಷದ ಹಿಂದೆ, ಯಂತ್ರ ಇದರಿಂದಲೇ ಗುರುತು ಹಿಡಿಯುತ್ತದೆ ಎಂದು ಜಂಬ ಕೊಚ್ಚಿಕೊಂಡಿದ್ದ ಅದೇ ಸಂಖ್ಯೆ. ಹುಣಸೇಮರದ ಮನೆಯನ್ನು ಕಿತ್ತುಹಾಕಿ ಅದರ ಜಾಗಕ್ಕೆ ತಂದಿಟ್ಟ ಸಂಖ್ಯೆಯನ್ನು ಬೇಕಾದಲ್ಲಿ ಉಪಯೋಗಿಸುವುದನ್ನೇ ಮರೆತಿದ್ದೆ. ಹದಿಮೂರು, ಹದಿನಾಲ್ಕು ತೆಗೆದು ನೋಡಿದೆವು. ಟಿಕ್ ಹಾಕಿ, ತೆಗೆದು, ಮತ್ತೆ ನೋಡಿದೆವು. ಒಂಬತ್ತು ಜನರೂ ಅವರವರ ಜಾಗದಲ್ಲಿ ಕೂತಿದ್ದರು.

ಸರಿಮಾಡುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಅವರು ಕೇಳಿದರು.

"ಆಯ್ತಲ್ಲ ಅಕ್ಕಾ" ಎಂದೆ. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವನ ಬಾಯಲ್ಲಿ ಅದು ತಾನಾಗಿ ಬಂತು.

"ಇಷ್ಟೇನಾ?"

ಇಷ್ಟೇ ಎಂದೆ. ಅವರು ಪರದೆಯನ್ನು ನೋಡುತ್ತಾ ಕೂತರು. ಡಬ್ಬಿ ತೆರೆದು, ಏನೂ ತೆಗೆದುಕೊಳ್ಳದೆ ಮುಚ್ಚಿದರು. ಎದುರಿಗೆ ನೂರೀನ್ ಯಾರಿಗೋ ವ್ಯಾನಿನ ಸಮಯ ಹೇಳುತ್ತಿದ್ದಳು. ನಾನು ಮೇ ತಿಂಗಳಿನಿಂದ ಎಣಿಸಿದೆ. ಅವರ ಮೊದಲ ಫೋನಿನ ದಿನ ನಾನು ಎರಡು ನಿಮಿಷ ಕೂತು ನೋಡಿದ್ದರೆ ಮುನಿಕೆಂಪಮ್ಮನಿಗೆ ಮೇ ತಿಂಗಳಲ್ಲೇ ಕರೆ ಹೋಗುತ್ತಿತ್ತು. ಡಾಕ್ಟರು ಹೇಳಿದ ಎರಡು ತಿಂಗಳಿಗಿಂತ ಅದು ಹಿಂದೆಯೇ.

ಅವತ್ತು ಮಧ್ಯಾಹ್ನ ಊಟಕ್ಕೆ ಯಾರೂ ಏಳಲಿಲ್ಲ. "ಉತ್ತರವಿಲ್ಲ" ಗುಂಪಿನಲ್ಲಿ ಮೂವತ್ತೆಂಟು ಹೆಸರಿದ್ದವು. ನೋಟ್‌ಬುಕ್ಕಿಗೆ ಹೋಲಿಸಿ ನೋಡಿದರೆ ಇಪ್ಪತ್ತನಾಲ್ಕು ಜನ ನಿಜವಾಗಿಯೂ ಫೋನು ಎತ್ತದವರು. ಉಳಿದ ಹದಿನಾಲ್ಕು ಜನರಿಗೆ ಫೋನೇ ಹೋಗಿರಲಿಲ್ಲ. ಅವರಲ್ಲಿ ಮುನಿಕೆಂಪಮ್ಮನನ್ನು ಬಿಟ್ಟು ಹದಿಮೂರು. ಜ್ಯೋತಿಲಕ್ಷ್ಮಿಯವರು ಆ ಹದಿಮೂರಕ್ಕೂ ತಾವೇ ಮಾಡಿದರು, ನೂರೀನ್‌ಗೆ ಕೊಡಲಿಲ್ಲ. ಇಬ್ಬರು ಬೇರೆ ಕಡೆ ಆಪರೇಷನ್ ಮಾಡಿಸಿಕೊಂಡಿದ್ದರು. ಹತ್ತು ಜನ ಇನ್ನೂ ಕಾಯುತ್ತಿದ್ದರು, ಅವರ ಕಣ್ಣು ಕೆಡುವಷ್ಟು ಬಲಿತಿರಲಿಲ್ಲ. ಒಬ್ಬರ ಮನೆಯಲ್ಲಿ ಸೊಸೆ ಎತ್ತಿ, ಅತ್ತೆ ತೀರಿಕೊಂಡು ತಿಂಗಳಾಯಿತು, ಕೊನೆಯವರೆಗೂ ಕಣ್ಣಿನ ಫೋನು ಬಂತಾ ಎಂದು ಕೇಳುತ್ತಿದ್ದರು ಎಂದಳಂತೆ. ಆ ಕರೆ ಆದ ಮೇಲೆ ಜ್ಯೋತಿಲಕ್ಷ್ಮಿಯವರು ಹೆಡ್‌ಫೋನು ತೆಗೆದಿಟ್ಟು, ಮೆಟ್ಟಿಲ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು, ಮತ್ತೆ ಬಂದು ಕೂತರು.

ಸಂಜೆ ನಾನು ಆನಂದಪ್ಪನವರ ಹತ್ತಿರ ಹೋಗಿ, ತಪ್ಪು ಇವರಿಬ್ಬರದಲ್ಲ, ನನ್ನದು ಎಂದು ಹೇಳಿದೆ. ಕಂಪ್ಯೂಟರಿನಲ್ಲಿ ಇಂಥದ್ದೆಲ್ಲ ಆಗುತ್ತಿರುತ್ತದೆ ಬಿಡಿ ಎಂದರು. ತಪ್ಪು ಜ್ಯೋತಿಲಕ್ಷ್ಮಿಯವರದಾದರೆ ಬಿಟ್ಟವರು ಯಾರು ಎಂದು ಕೇಳಿದ್ದರು. ನನ್ನದಾದರೆ ಆಗುತ್ತಿರುತ್ತದೆ. ನನಗೆ ರೇಗಿತು, ಅವರ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ. ನಿನ್ನೆ ಕೇಳಿದ ಮಾತಿಗೆ ಅವರ ಹತ್ತಿರ ಕ್ಷಮೆ ಕೇಳಿ ಸರ್ ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಎದ್ದು ಹೋಗಿ ಕೇಳಿದರು. ಜ್ಯೋತಿಲಕ್ಷ್ಮಿಯವರು ಪರವಾಗಿಲ್ಲ ಸಾರ್ ಎಂದು, ಮುಂದಿನ ನಂಬರು ಒತ್ತಿದರು.

ನಾನು ಹೊರಡುವಾಗ ಅವರು ಮೆಟ್ಟಿಲವರೆಗೂ ಬಂದರು.

"ಮುಂದಿನ ವಾರ ಆ ಅಜ್ಜಿಗೆ ಎಡಗಣ್ಣಿನ ಆಪರೇಷನ್. ಆಮೇಲೆ ಚೆಕಪ್ಪಿಗೆ ಇಲ್ಲಿಗೇ ಬರ್ತಾರೆ. ಅವತ್ತು ನೀವು ಬರ್ಬೇಕು."

ಏಕೆ ಎಂದೆ.

"ಬಚ್ಚಲಿಗೆ ಹೋಗಿದ್ದಾಗ ಫೋನ್ ಬಂದಿತ್ತು ಅಂದ್ಕೊಂಡಿದ್ದಾರೆ ಅವರು. ನಂದೇ ತಪ್ಪು ಅಂತಾರೆ. ನಾನು ಹೇಳ್ಬೋದು. ಆದ್ರೆ ನೀವೇ ಹೇಳ್ಬೇಕು ಸಾರ್ ಅದನ್ನ."

ಬರುತ್ತೇನೆ ಎಂದೆ. ಬರದಿರಲು ಎಷ್ಟು ನೆಪ ಹುಡುಕಿದೆ ಎಂದು ನನಗೆ ಮಾತ್ರ ಗೊತ್ತು. ಆ ಹದಿನೈದು ದಿನದಲ್ಲಿ ನಾನು ಫಾರಂಗೆ ಗುರುತು ಎಂಬ ಕಾಲಂ ಮತ್ತೆ ಸೇರಿಸಿದೆ. ಮೂರು ಸುತ್ತಿನ ಜರಡಿ ತೆಗೆದುಹಾಕಿದೆ. ಮಾಡಿದ ಕರೆಗೂ ಮಾಡದ ಕರೆಗೂ ಬೇರೆ ಬೇರೆ ಗುರುತು ಬೀಳುವ ಹಾಗೆ ಮಾಡಿದೆ. ಹಾಕದ ಟಿಕ್ಕನ್ನು ಎತ್ತದ ಫೋನು ಎಂದುಕೊಂಡಿದ್ದು ಯಂತ್ರವಲ್ಲ, ನಾನು.

ಚೆಕಪ್ಪಿನ ದಿನ ಹೋದಾಗ ಹನ್ನೊಂದು ಗಂಟೆ. ಜ್ಯೋತಿಲಕ್ಷ್ಮಿಯವರು ಹೆಡ್‌ಫೋನು ಹಾಕಿಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು, ಯಾವ ಮುನಿಯಮ್ಮ, ಹುಣಸೇಮರದ ಮನೆಯವರಾ, ಬಾವಿ ಮನೆಯವರಾ ಎಂದು ಯಾರನ್ನೋ ಕೇಳುತ್ತಿದ್ದರು. ನೋಟ್‌ಬುಕ್ಕು ಇನ್ನೂ ಪಕ್ಕದಲ್ಲೇ ಇತ್ತು. ಈಗ ಅದು ಬೇಕಾಗಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಮಾತು ನಿಲ್ಲಿಸದೆ ಗೋಡೆಯ ಹತ್ತಿರದ ಬೆಂಚಿನ ಕಡೆ ಕಣ್ಣಿನಲ್ಲೇ ತೋರಿಸಿದರು.

ಕಪ್ಪು ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಹಳೆಯ ಸಣ್ಣ ಫೋನು ಇಟ್ಟುಕೊಂಡು ಮುನಿಕೆಂಪಮ್ಮ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಯಾರಪ್ಪ ಎಂದರು. ಇಲ್ಲಿಯ ಕಂಪ್ಯೂಟರ್ ಕೆಲಸ ಮಾಡುವವನು ಎಂದೆ. ಅದು ಅವರಿಗೆ ಸಾಕಾಗಲಿಲ್ಲ. ಯಾವ ಊರು, ಯಾರ ಮನೆ ಎಂದು ಕೇಳಿದರು. ತಣಿಸಂದ್ರ, ಗಿರಣಿ ಮನೆ ಎಂದೆ. ಎಷ್ಟೋ ವರ್ಷದ ಮೇಲೆ ಆ ಹೆಸರನ್ನು ನನ್ನ ಬಾಯಿಂದ ಹೇಳಿದ್ದೆ.

"ಗಿರಣಿ ಮನೆ ಮುನಿಯಮ್ಮನ ಮೊಮ್ಮಗನಾ? ನಿಮ್ಮಜ್ಜಿ ನಮ್ಮೂರಿನೋಳೇ ಕಣಪ್ಪ."

ನಾನು ಶುರುಮಾಡಿದೆ. ಅಜ್ಜಿ, ನಿಮಗೆ 'ಮೂರು ಸಲ ಫೋನು ಮಾಡಿದ್ದೆವು' ಎಂದು ಇವರು ಹೇಳಿದರಲ್ಲ, ಅದು ಹಾಗಲ್ಲ ಎಂದೆ. ಅವರು ಕುತ್ತಿಗೆ ತಿರುಗಿಸಿ ನನ್ನನ್ನು ಹುಡುಕಿದರು. ಕನ್ನಡಕ ನನ್ನ ಹೆಗಲ ಕಡೆಗೆ, ಆಮೇಲೆ ಗೋಡೆಯ ಕಡೆಗೆ ತಿರುಗಿತು. ನಾನು ಅವರ ಬಲಗಡೆ ಕೂತಿದ್ದೇನೆ ಎಂದು ನನಗೆ ಆಗ ಗೊತ್ತಾಯಿತು.

"ಈ ಕಡೆಗೆ ಬಾ ಮಗ. ಆ ಕಡೆ ಕಾಣ್ಸಲ್ಲ."

ಜ್ಯೋತಿಲಕ್ಷ್ಮಿಯವರು ಫೋನು ಇಟ್ಟು ನಮ್ಮ ಕಡೆ ನೋಡುತ್ತಿದ್ದರು. ನಾನು ಎದ್ದು, ಅವರ ಎಡಗಡೆಗೆ ಹೋಗಿ ಕೂತು, ಮೊದಲಿನಿಂದ ಹೇಳತೊಡಗಿದೆ.